ಐದು ರೊಟ್ಟಿ, ಎರಡು ತೆಂಗಿನಕಾಯಿ

ಅರಸೀಕೆರೆ
11-6-1978, ಭಾನುವಾರ

ಸೌಭಾಗ್ಯವತಿ ಸುವರ್ಣಮ್ಮನವರಿಗೆ,

ಅದಕ್ಕೇ ನಾನು ಹೇಳುತ್ತಿದ್ದುದು, ಬೀಗದ ಕೈ ನನಗೆ ಬೇಡ, ನಾನು ಆ ಕೆಲಸಕ್ಕೆ ಆಗುವವನಲ್ಲ ಅಂತ. ಅಷ್ಟರಲ್ಲಿ ಗಾಡಿ ಸಿಳ್ಳು ಹಾಕಿಬಿಟ್ಟಿತು. ನೀವು ಕಿಟಕಿಯಿಂದ ಕೈ ಚಾಚಿ ಚರ್ಚಿನ ಹಾಲ್‌ನ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದಿರಿ. “ಶನಿವಾರ ಬಾಗಿಲು ತೆಗೆದು, ನಾನು ಬರೆದು ಕಳಿಸಿದ್ದನ್ನು ಮಕ್ಕಳಿಗೆ ಓದಿದರೆ ಸಾಕು ಯಜಮಾನರೇ” ಎಂದಿರಿ. ಚಾಮರಾಜನಗರಕ್ಕೆ ವರ್ಗವಾದ ನಿಮ್ಮ ಮನೆಯವರು ಗಾರ್ಡ್ ಸಾಹೇಬರು ಪಕ್ಕದಲ್ಲಿ ಟ್ರಂಕು ಸರಿಸುತ್ತಾ ನಗುತ್ತಿದ್ದರು. ಗಾಡಿ ಹೋಯಿತು. ನನ್ನ ಮಾತಿನ ಮಿಕ್ಕ ಅರ್ಧ ಪ್ಲಾಟ್‌ಫಾರಂ ಮೇಲೇ ಉಳಿಯಿತು. ಅದನ್ನು ಈವತ್ತು ಬರೆದು ಕಳಿಸುತ್ತಿದ್ದೇನೆ.

ಟು ಬಿಗಿನ್ ವಿತ್, ನಾನು ಹಳೇಬೀಡಿನ ಜೈನ. ಬಸದಿಯ ಪಕ್ಕದ ಬೀದಿಯಲ್ಲಿ ಬೆಳೆದು, ಅರಸೀಕೆರೆಗೆ ಬಂದು ಕೊಬ್ಬರಿ ಮಂಡಿ ಇಟ್ಟವನು. ನನ್ನ ಮಂಡಿಯೂ ಮನೆಯೂ ನಿಮ್ಮ ಚರ್ಚಿನ ಗೋಡೆಗೆ ಅಂಟಿಕೊಂಡಿವೆ ಎಂಬುದೊಂದೇ ನನಗೂ ಆ ಹಾಲ್‌ಗೂ ಇರುವ ಸಂಬಂಧ. ಸೆಕೆಂಡ್ಲಿ, ನನಗೆ ಓದು ಅರ್ಧ. ಮೈಸೂರಿನಲ್ಲಿ ಇಂಟರ್‌ಮೀಡಿಯೇಟ್ ಓದುವಾಗ ನಮ್ಮ ಇಂಗ್ಲಿಷ್ ಲೆಕ್ಚರರು ನನ್ನನ್ನು ನಿಲ್ಲಿಸಿ “ಮಿಸ್ಟರ್ ಪುಷ್ಪದಂತ, ಕಮ್ ಟು ದಿ ಪಾಯಿಂಟ್” ಅನ್ನುತ್ತಿದ್ದರು. ನಾನು ಪಾಯಿಂಟಿಗೆ ಬರುವುದರೊಳಗೆ ನಮ್ಮ ತಂದೆ ವ್ಯಾಪಾರಕ್ಕೆ ಕರೆಸಿಕೊಂಡರು. ಪಾಯಿಂಟು ಮೈಸೂರಿನಲ್ಲೇ ಉಳಿಯಿತು.

ಇಷ್ಟೆಲ್ಲ ಹೇಳಿ ಬೀಗದ ಕೈಯನ್ನು ಚರ್ಚಿನ ಗಂಟೆ ಹೊಡೆಯುವ ಮರಿಯಣ್ಣನಿಗೆ ಕೊಟ್ಟುಬಿಡೋಣವೆಂದು ರಾತ್ರಿ ಗಟ್ಟಿ ಮಾಡಿಕೊಂಡಿದ್ದೆ. ಬೆಳಗ್ಗೆ ಎದ್ದು ಮಲಗುವ ಮನೆಯ ಕಿಟಕಿ ತೆಗೆದಾಗ ಮನಸ್ಸು ಬದಲಾಯಿತು. ನನ್ನ ಹೆಂಡತಿ ಕಾಂಚನಮಾಲಾ ಹಾಸಿಗೆ ಹಿಡಿದ ಆ ವರ್ಷ ಶನಿವಾರ ಮಧ್ಯಾಹ್ನವಾದರೆ ಸಾಕು, “ಆ ಕಿಟಕಿ ತೆಗೀರಿ, ಮಕ್ಕಳು ಬಂದವು” ಅನ್ನುತ್ತಿದ್ದಳು. ನಿಮ್ಮ ಮಕ್ಕಳ ಹಾಡು ಆ ಕಿಟಕಿಯಿಂದ ಬರುತ್ತಿತ್ತು. ಔಷಧಿ ಕುಡಿಯದವಳು ಆ ಹೊತ್ತಿನಲ್ಲಿ ಕುಡಿಯುತ್ತಿದ್ದಳು. ಅವಳು ಹೋದ ಮೇಲೆ ನಾನು ಹಾಲ್‌ನ ಹೊರಗಿನ ಕಟ್ಟೆಯ ಮೇಲೆ ಬಂದು ಕೂರಲು ಶುರು ಮಾಡಿದೆ. ನೀವು ಏಕೆ ಬಂದಿರಿ ಎಂದು ಒಂದು ದಿನವೂ ಕೇಳಲಿಲ್ಲ. ಮುಂದಿನ ಶನಿವಾರ ಅಲ್ಲಿ ಒಂದು ಬೆಂಚು ಹಾಕಿಸಿದ್ದಿರಿ. ಅದಕ್ಕೆ ನಾನು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಆದ್ದರಿಂದ ಹೊಸ ಟೀಚರು ಬರುವವರೆಗೆ ಬಾಗಿಲು ತೆಗೆಯುತ್ತೇನೆ. ಓದುವುದಷ್ಟೇ. ಹೆಚ್ಚಿಗೆ ಏನೂ ನಿರೀಕ್ಷಿಸಬೇಡಿ.

ಯುವರ್ಸ್ ಒಬೀಡಿಯೆಂಟ್ಲಿ,
ಪುಷ್ಪದಂತಯ್ಯ


ಚಾಮರಾಜನಗರ
19-6-1978

ಮಾನ್ಯ ಪುಷ್ಪದಂತಯ್ಯನವರಿಗೆ ಸುವರ್ಣಮ್ಮ ಮಾಡುವ ವಂದನೆಗಳು.

ನಿಮ್ಮ ಪತ್ರ ತಲುಪಿತು. ಗಾಡಿ ಸಿಳ್ಳು ಹಾಕುವವರೆಗೂ ಕಾದು ಬೀಗದ ಕೈ ಕೊಟ್ಟದ್ದು ಬೇಕೆಂದೇ. ಮೊದಲೇ ಕೊಟ್ಟಿದ್ದರೆ ನೀವು ವಾಪಸು ಮಾಡುತ್ತಿದ್ದಿರಿ. ನಮ್ಮ ಚರ್ಚಿನ ಸಭೆಯಲ್ಲಿ ಇರುವವರೆಲ್ಲ ರೈಲ್ವೆಯವರು, ಹಗಲು ಒಬ್ಬರಿಗೆ ಡ್ಯೂಟಿ, ರಾತ್ರಿ ಒಬ್ಬರಿಗೆ. ನಮ್ಮ ಪಾಸ್ಟರ್ ಅಯ್ಯನವರು ಹಾಸನದಿಂದ ತಿಂಗಳಿಗೊಮ್ಮೆ ಆರಾಧನೆಗೆ ಬರುತ್ತಾರೆ. ಮರಿಯಣ್ಣ ಗಂಟೆ ಹೊಡೆಯುತ್ತಾನೆ, ಆಮೇಲೆ ಮಕ್ಕಳನ್ನು ಹೆದರಿಸುತ್ತಾನೆ. ಶನಿವಾರ ತಪ್ಪದೆ ಬರುತ್ತಿದ್ದ ದೊಡ್ಡವರೆಂದರೆ ನೀವೊಬ್ಬರೇ. ಬೇರೆ ಯಾರಿಗೆ ಕೊಡಲಿ?

ಮೊದಲನೆಯ ಪಾಠ ಈ ಪತ್ರದ ಜೊತೆಗಿದೆ, ತಪ್ಪಿಸಿಕೊಂಡ ಕುರಿಯ ಕತೆ. ಹಾಡು, ಕತೆ, ಬಾಯಿಪಾಠಕ್ಕೆ ಬೈಬಲಿನ ಒಂದು ವಚನ, ಆಮೇಲೆ ಆಟ. ಹೈಸ್ಕೂಲು ಮಕ್ಕಳು ಚಿಕ್ಕವರ ಜೊತೆ ಚಾಪೆಯ ಮೇಲೆ ಕೂರಲು ನಾಚಿಕೊಳ್ಳುತ್ತಾರೆ, ಅವರಿಗೆ ಏನಾದರೂ ಜವಾಬ್ದಾರಿ ಕೊಡಿ. ಪಾಯಿಂಟ್ಸ್‌ಮನ್ ಮಗಳು ಎಸ್ತರ್ ಎಲ್ಲ ಪ್ರಶ್ನೆಗೂ ತಾನೇ ಉತ್ತರ ಹೇಳುತ್ತಾಳೆ. ಬೇರೆಯವರಿಗೂ ಬಿಡು ಎಂದು ಹೇಳಬೇಕು.

ಇಲ್ಲಿ ಎಲ್ಲ ಚೆನ್ನಾಗಿದೆ. ಇಲ್ಲೂ ಶನಿವಾರದ ಕ್ಲಬ್ಬು ಶುರು ಮಾಡುತ್ತಿದ್ದೇನೆ. ಮಕ್ಕಳು ಆಗಲೇ ಕೇಳುತ್ತಿದ್ದಾರೆ.

ವಿಶ್ವಾಸದಿಂದ,
ಸುವರ್ಣಮ್ಮ


ಅರಸೀಕೆರೆ
25-6-1978, ಭಾನುವಾರ

ಸೌ॥ ಸುವರ್ಣಮ್ಮನವರಿಗೆ,

ನಿನ್ನೆ ಮೊದಲನೆಯ ಶನಿವಾರ ಕಳೆಯಿತು. ರಿಪೋರ್ಟ್ ಆಸ್ ಫಾಲೋಸ್.

ನಾಲ್ಕು ಗಂಟೆಗೆ ಬಾಗಿಲು ತೆಗೆದೆ. ಮಕ್ಕಳು ಒಳಗೆ ಬಂದು, ನಿಮ್ಮ ಮೇಜಿನ ಹಿಂದೆ ನಾನು ನಿಂತಿರುವುದನ್ನು ನೋಡಿ ಗೋಡೆಗೆ ಅಂಟಿಕೊಂಡರು. ಸ್ಟೋರ್ ಕೀಪರರ ಮಗ ಸ್ಯಾಮುವೇಲ, ಎಂಟನೇ ಕ್ಲಾಸಿನವನು, ವಿಚಾರಣೆ ಶುರು ಮಾಡಿದ.

“ಸಾರ್, ನೀವು ಪಾಸ್ಟರಾ?”

“ಅಲ್ಲಪ್ಪ.”

“ಟೀಚರಾ?”

“ಅಲ್ಲ.”

“ಮತ್ತೆ ಏನು?”

“ಕೊಬ್ಬರಿ ಮಂಡಿ.”

ಹಿಂದಿನಿಂದ ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು “ಹಂಗಾದ್ರೆ ಕಾಯಿ ತಾತ” ಎಂದಳು. ಅವಳೇ ನಿಮ್ಮ ಎಸ್ತರ್. ನನಗೆ ಮೊಮ್ಮಕ್ಕಳಿಲ್ಲ, ಮಕ್ಕಳೂ ಇಲ್ಲ, ನಿಮಗೆ ಗೊತ್ತು. ಹೀಗೆ ಬಾಗಿಲು ತೆಗೆದು ಐದು ನಿಮಿಷದೊಳಗೆ ತಾತನಾಗಿಬಿಟ್ಟೆ.

ನಿಮ್ಮ ಕಾಗದ ತೆಗೆದು ಕುರಿಯ ಕತೆ ಓದಲು ಶುರು ಮಾಡಿದೆ. ಎರಡು ಸಾಲು ಓದುವುದರೊಳಗೆ ಅದೇ ಎಸ್ತರ್ ಕೈ ಎತ್ತಿದಳು. “ತಾತ, ನೀವು ಹರಾಜು ಕೂಗ್ದಂಗೆ ಓದ್ತೀರಿ. ಕಾಗ್ದ ಮಡಗಿ, ಕತೆ ಹೇಳಿ.” ಮಡಗಿದೆ. ಹೇಳಿದೆ. ನಮ್ಮ ಕಣಕಟ್ಟೆ ಕಡೆ ಕುರಿ ತಪ್ಪಿಸಿಕೊಂಡರೆ ಕುರುಬರು ಹೇಗೆ ನಾಲಿಗೆಯಲ್ಲಿ ಸದ್ದು ಮಾಡಿ ಕರೆಯುತ್ತಾರೋ ಹಾಗೆ ಕರೆದೂ ತೋರಿಸಿದೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಹಾಲ್‌ನಲ್ಲಿ ಅದೇ ಸದ್ದು. ಮರಿಯಣ್ಣ ಗಂಟೆಯ ಹಗ್ಗ ಹಿಡಿದುಕೊಂಡೇ ಓಡಿಬಂದ.

ಹೈಸ್ಕೂಲಿನವರು ಚಾಪೆಗೆ ಬರಲಿಲ್ಲ. ನಮಗೆ ಇಂಗ್ಲಿಷ್ ಹೇಳಿಕೊಡಿ ಎಂದರು. ನನ್ನ ಇಂಗ್ಲಿಷು ಅಟ್ಟದ ಮೇಲೆ ಹಾಕಿದ ಕಾಯಿಯಂತೆ ಕಣ್ರಪ್ಪ, ನೀರೆಲ್ಲ ಒಣಗಿ ಒಳಗೆ ಗಿಟುಕು ಕೊಬ್ಬರಿ ಅಲ್ಲಾಡುತ್ತೆ ಅಷ್ಟೇ ಎಂದೆ. “ಅದನ್ನೇ ಅಲ್ಲಾಡ್ಸಿ ಸಾರ್” ಎಂದ ಸ್ಯಾಮುವೇಲ. ನೆವರ್‌ದಿಲೆಸ್ ಎಂಬ ಪದವನ್ನು, ಅಂದರೆ ‘ಆದರೂ’ ಅಂತ, ಹೇಳಿಕೊಟ್ಟೆ. ಸ್ಪೆಲ್ಲಿಂಗ್ ಮುಂದಿನ ವಾರ ಎಂದಿದ್ದೇನೆ, ನೋಡಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಗೊತ್ತಾಯಿತು, ಗಂಟಲು ಕೂತಿದೆ. ಎರಡು ವರ್ಷದಿಂದ ನಾನು ಇಷ್ಟು ಮಾತಾಡಿರಲಿಲ್ಲ. ಗಂಟಲಿಗೆ ಮೆಣಸಿನ ಕಷಾಯ ಕಾಯಿಸಿಕೊಂಡು ಕುಡಿಯುತ್ತಾ ಒಬ್ಬನೇ ನಗುತ್ತಿದ್ದೆ. ನಿಮ್ಮ ಉಪಕಾರ ದೊಡ್ಡದು.

ಪುಷ್ಪದಂತಯ್ಯ


ಅರಸೀಕೆರೆ
27-8-1978, ಭಾನುವಾರ

ಸೌ॥ ಸುವರ್ಣಮ್ಮನವರಿಗೆ,

ಈ ವಾರದ ಪಾಠದ ವಿಷಯದಲ್ಲಿ ಒಂದು ಅರಿಕೆ ಇದೆ. ಅದಕ್ಕೆ ಮೊದಲು ಬೇರೆ ಸುದ್ದಿ. ಹಾಲ್‌ನ ಹಂಚು ಸೋರುತ್ತಿತ್ತು, ನಮ್ಮ ಮಂಡಿಯ ಆಳನ್ನು ಹತ್ತಿಸಿ ಸರಿ ಮಾಡಿಸಿದೆ. ನೆವರ್‌ದಿಲೆಸ್‌ನ ಸ್ಪೆಲ್ಲಿಂಗ್ ಸ್ಯಾಮುವೇಲನೇ ಹುಡುಕಿ ನನಗೆ ಹೇಳಿಕೊಟ್ಟ. ನಿಮ್ಮ ವಚನಗಳನ್ನು ಮಕ್ಕಳ ಜೊತೆ ನಾನೂ ಬಾಯಿಪಾಠ ಮಾಡುತ್ತೇನೆ, ಎಸ್ತರ್ ಒಪ್ಪಿಸಿಕೊಳ್ಳುತ್ತಾಳೆ, ತಪ್ಪಿದರೆ ಮತ್ತೆ ಮೊದಲಿಂದ ಹೇಳಿಸುತ್ತಾಳೆ.

ಈಗ ಪಾಯಿಂಟಿಗೆ ಬರುತ್ತೇನೆ. ನೀವು ಬರೆದು ಕಳಿಸಿದ ಕತೆ, ಐದು ಸಾವಿರ ಜನ ಹಸಿದಿರುವಾಗ ಒಬ್ಬ ಹುಡುಗನ ಬುತ್ತಿಯಲ್ಲಿದ್ದದ್ದನ್ನು ಯೇಸುಸ್ವಾಮಿ ಎಲ್ಲರಿಗೂ ಹಂಚಿದ್ದು. ಇಂಥ ಕತೆ ನಾನು ಬೇರೆಲ್ಲೂ ಕೇಳಿಲ್ಲ. ಊಟ ಹಾಕುವುದಕ್ಕಿಂತ ದೊಡ್ಡದು ನಮ್ಮಲ್ಲೂ ಇಲ್ಲ. ಗುರುವಾರದಿಂದ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಐದು ರೊಟ್ಟಿಯವರೆಗೆ ಸಲೀಸಾಗಿ ಬರುತ್ತೇನೆ, ಅಲ್ಲಿಂದ ಮುಂದೆ ಬುತ್ತಿಯಲ್ಲಿದ್ದ ಆ ಎರಡು ಮೀನು ಅಡ್ಡ ಬರುತ್ತವೆ.

ಹೇಗೆ ಹೇಳಲಿ ಅಮ್ಮ. ಹಳೇಬೀಡಿನ ಕೆರೆಗೆ ನಮ್ಮ ತಾಯಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದುದೇ ಮೀನಿಗೆ ಮಂಡಕ್ಕಿ ಹಾಕಲು. ನನ್ನ ಬೊಗಸೆಯಿಂದ ತಿಂದ ಜೀವಗಳು. ಅವನ್ನು ಸುಟ್ಟು ಬುತ್ತಿಗೆ ಕಟ್ಟಿಕೊಂಡು ಬಂದದ್ದನ್ನು ಈ ಬಾಯಿಂದ ಮಕ್ಕಳಿಗೆ ಹಂಚಲು ನನ್ನಿಂದ ಆಗಲಿಲ್ಲ. ಅಲ್ಲಿಗೆ ಬಂದಾಗ ನಾಲಿಗೆ ತಾನೇ ಹೊರಳಿತು. “ಐದು ರೊಟ್ಟಿ, ಎರಡು ತೆಂಗಿನಕಾಯಿ” ಎಂದೆ.

ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕತೆ ಅಷ್ಟು ಹಿಡಿಸಿದೆ ಎಂದುಕೊಂಡೆ. ಸ್ಯಾಮುವೇಲ ಏನೋ ಹೇಳಲು ಬಾಯಿ ತೆರೆದ, ಎಸ್ತರ್ ಹಿಂದಕ್ಕೆ ತಿರುಗಿ ಅವನ ತೊಡೆ ಚಿವುಟಿದಳು. ದೇವರ ಕತೆ ಹೇಳುವಾಗ ಜಗಳ ಆಡಬೇಡಿ ಎಂದು ಇಬ್ಬರನ್ನೂ ಗದರಿಸಿದೆ. ಕಾಯಿ ಒಡೆದು ಚೂರು ಹಂಚಿ, ಹನ್ನೆರಡು ಕುಕ್ಕೆ ಉಳಿದದ್ದನ್ನು ಹೇಳುವಾಗ ನನ್ನ ಕಣ್ಣಲ್ಲೇ ನೀರು ಬಂತು.

ನಿಮ್ಮ ಶಾಸ್ತ್ರಕ್ಕೆ ವಿರುದ್ಧವಾಗಿದ್ದರೆ ಬರೆಯಿರಿ. ಸಂಖ್ಯೆಯನ್ನು ಮಾತ್ರ ಬದಲಿಸಿಲ್ಲ.

ಪುಷ್ಪದಂತಯ್ಯ


ಚಾಮರಾಜನಗರ
6-9-1978

ಮಾನ್ಯ ಪುಷ್ಪದಂತಯ್ಯನವರಿಗೆ ವಂದನೆಗಳು.

ಪತ್ರ ಓದಿದೆ. ಮಕ್ಕಳು ಕೂತು ಕೇಳಿದರಲ್ಲ, ಸಂತೋಷ. ಹಂಚು ಹೊದಿಸಿದ್ದಕ್ಕೆ ಸಭೆಯ ಪರವಾಗಿ ಕೃತಜ್ಞತೆಗಳು.

ಒಂದು ವಿಷಯ ನಿಮ್ಮಿಂದ ಮುಚ್ಚಿಡಬಾರದು. ಹಾಸನದ ಅಯ್ಯನವರು ನನಗೆ ಬರೆದಿದ್ದಾರೆ. ಅರಸೀಕೆರೆಯ ಮಕ್ಕಳ ಕ್ಲಬ್ಬನ್ನು ಜೈನರೊಬ್ಬರು ನಡೆಸುತ್ತಿದ್ದಾರಂತೆ, ಇದು ಸರಿಯೇ ಎಂದು ಚರ್ಚಿನ ಕಮಿಟಿಯಲ್ಲಿ ಕೆಲವರು ಎದ್ದು ಕೇಳಿದರಂತೆ. ಹೊಸ ಟೀಚರು ಸಿಗುವವರೆಗೆ ಹಾಲ್‌ಗೆ ಬೀಗ ಹಾಕಿಬಿಡೋಣ ಎಂದರಂತೆ. ಹೊಸ ಟೀಚರು ಸದ್ಯಕ್ಕೆ ಸಿಗುವ ಹಾಗಿಲ್ಲ, ಅಂದರೆ ಬೀಗ ಬಿದ್ದರೆ ಬಿದ್ದ ಹಾಗೇ. ಅಯ್ಯನವರು ಒಳ್ಳೆಯವರು. ಫೆಬ್ರವರಿಯಲ್ಲಿ ಹಾಸನದಲ್ಲಿ ಎಲ್ಲ ಊರಿನ ಕ್ಲಬ್ಬುಗಳ ಮೇಳವಿದೆ, ಅಲ್ಲಿ ಸತ್ಯವೇದದ ಕ್ವಿಜ್ ಇರುತ್ತದೆ, ಅರಸೀಕೆರೆ ಮಕ್ಕಳು ಕಲಿತಿದ್ದಾರೆಂದು ಅಲ್ಲಿ ಕಂಡರೆ ಕಮಿಟಿಯ ಬಾಯಿ ಮುಚ್ಚಿಸುತ್ತೇನೆ ಎಂದಿದ್ದಾರೆ.

ಆದ್ದರಿಂದ ಮಕ್ಕಳನ್ನು ತಯಾರು ಮಾಡಿ. ಎಸ್ತರಳನ್ನು ಮುಂದೆ ಬಿಡಿ.

ಇಲ್ಲಿ ನಮ್ಮ ಕ್ಲಬ್ಬೂ ಚೆನ್ನಾಗಿ ನಡೆಯುತ್ತಿದೆ.

ಸುವರ್ಣಮ್ಮ


ಅರಸೀಕೆರೆ
10-12-1978, ಭಾನುವಾರ

ಸೌ॥ ಸುವರ್ಣಮ್ಮನವರಿಗೆ,

ನಿಮ್ಮ ಪಾಠಗಳು ವಾರವಾರವೂ ತಪ್ಪದೆ ಬರುತ್ತಿವೆ. ಅಷ್ಟು ದೊಡ್ಡ ಕ್ಲಬ್ಬು ನಡೆಸಿಕೊಂಡು ನಮಗೂ ಬರೆಯಲು ಯಾವಾಗ ಹೊತ್ತು ಸಿಗುತ್ತದೋ ಎಂದು ನಾನೂ ಮರಿಯಣ್ಣನೂ ಮಾತಾಡಿಕೊಂಡೆವು.

ಹಳೇಬೀಡಿನಿಂದ ನಮ್ಮ ಅಕ್ಕ ಧರ್ಮಾವತಿ ಬಂದು ಎಂಟು ದಿನ ಇದ್ದು ಹೋದಳು. ಬಸ್ಸಿಳಿದು ಚೀಲ ಕೆಳಗಿಡುವ ಮುಂಚೆಯೇ ಶುರು.

“ಏನೋ ಪುಷ್ಪ, ಬಸದಿ ಬೀದೀಲೆಲ್ಲ ಹೇಳ್ತಾರೆ, ನೀನು ಜಾತಿ ಬಿಟ್ಯಂತೆ?”

“ಶನಿವಾರ ಬೀಗ ತೆಗೀತೀನಿ ಅಕ್ಕ, ಅಷ್ಟೇ.”

“ಬೀಗ ತೆಗೆಯೋಕೆ ಹೋದವನು ಒಳಗೆ ಹೋಗಿ ಯಾಕೋ ಕೂತ್ಕೋತೀಯ?”

ನಾನು ಅವಳ ಚೀಲ ಇಸಕೊಂಡು ಒಳಗಿಟ್ಟೆ. ದಿನಾ ಬೆಳಗ್ಗೆ ನಮ್ಮ ಣಮೋಕಾರ ಮಂತ್ರ ಹೇಳುತ್ತೀಯಾ ಎಂದಳು. ಹೇಳುತ್ತೇನೆ ಎಂದೆ. ಹೇಳಿಸಿ ಕೇಳಿದಳು. ಶನಿವಾರ ನಾನು ಹಾಲ್‌ಗೆ ಹೋದಾಗ ಅವಳು ಮಲಗುವ ಮನೆಯ ಕಿಟಕಿಯಲ್ಲಿ ಕಾವಲು ಕೂತಳು. ನಾನು ಶಿಲುಬೆಗೆ ಅಡ್ಡ ಬೀಳುವುದನ್ನು ಕಣ್ಣಾರೆ ನೋಡಿ ಊರಿಗೆ ಹೇಳಬೇಕಲ್ಲ. ಮಕ್ಕಳು ಕ್ರಿಸ್‌ಮಸ್ಸಿನ ಹಾಡು ಕಲಿಯುತ್ತಿದ್ದವು, ಹೈಸ್ಕೂಲಿನವರು ಬಿದಿರು ಕಡ್ಡಿ ಸೀಳಿ ನಕ್ಷತ್ರ ಕಟ್ಟುತ್ತಿದ್ದರು, ನಾನು ಬಣ್ಣದ ಕಾಗದಕ್ಕೆ ಗೋಂದು ಹಚ್ಚುತ್ತಿದ್ದೆ. ಮನೆಗೆ ಬಂದರೆ ಅಕ್ಕ ಕೆಂಡವಾಗಿದ್ದಳು.

“ಆ ಕೆಂಪು ರಿಬ್ಬನ್ ಹುಡುಗಿ ತಲೆ ನೋಡಿದ್ಯೇನೋ? ಎಣ್ಣೆ ಕಂಡು ಎಷ್ಟು ದಿನ ಆಗಿದೆಯೋ. ಅಟ್ಟದ ತುಂಬ ಕೊಬ್ಬರಿ ಇಟ್ಕೊಂಡು ತಾತ ಅನ್ನಿಸ್ಕೋತೀಯ, ನಾಚಿಕೆ ಆಗಲ್ವ ನಿಂಗೆ?”

ಹೋಗುವ ಮುಂಚೆ ಗಾಣದಿಂದ ಎಣ್ಣೆ ತರಿಸಿ ಬಾಟಲಿಗಳಿಗೆ ತುಂಬಿಟ್ಟಳು. ಈಗ ನಮ್ಮ ಕ್ಲಬ್ಬಿನಲ್ಲಿ ಹಾಡು, ಕತೆ, ವಚನ, ಆಟದ ಜೊತೆಗೆ ಎಣ್ಣೆ ಎಂಬುದೂ ಒಂದು ಐಟಂ. ಬೀದಿಯವರಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ, ಆಮೇಲೆ ಯಾರೂ ನನ್ನನ್ನು ಏನೂ ಕೇಳಿಲ್ಲ.

ಕ್ವಿಜ್ ತಯಾರಿ ಜೋರಾಗಿದೆ. ಸ್ಯಾಮುವೇಲನ ಗುಂಪು ಪ್ರಶ್ನೆ ಹಾಕುತ್ತದೆ, ಚಿಕ್ಕವರು ಹೇಳುತ್ತಾರೆ. ಎಸ್ತರ್ ಒಂದನ್ನೂ ತಪ್ಪುವುದಿಲ್ಲ. ಬುತ್ತಿಯ ಪ್ರಶ್ನೆಗೂ ಥಟ್ಟನೆ “ಐದು ರೊಟ್ಟಿ, ಎರಡು ಕಾಯಿ” ಅನ್ನುತ್ತಾಳೆ. ಆ ಪ್ರಶ್ನೆಯನ್ನು ಹಾಸನದಲ್ಲಿ ಕೇಳಿದರೆ ಎಂದು ನನಗೊಮ್ಮೆ ಅನುಮಾನ ಬಂತು. ಐದೂ ಎರಡೂ ಲೆಕ್ಕ ಸರಿಯಿದ್ದರೆ ಮಾರ್ಕು ಕೊಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬೀಗ ಬೀಳುವ ವಿಷಯ ಮಕ್ಕಳಿಗೆ ನಾನು ಹೇಳಿಲ್ಲ. ಶನಿವಾರ ಇಲ್ಲದಿದ್ದರೆ ನಾನು ಮಿಕ್ಕ ದಿನಗಳಲ್ಲಿ ಯಾವುದಕ್ಕೆ ಕಾಯುವುದು ಎಂಬುದನ್ನು ನಿಮಗೂ ಹೇಳುವುದಿಲ್ಲ.

ನಿಮ್ಮ ಹಬ್ಬಕ್ಕೆ ನನ್ನ ಶುಭಾಶಯಗಳು. ಗಾರ್ಡ್ ಸಾಹೇಬರಿಗೆ ನಮಸ್ಕಾರ ತಿಳಿಸಿ.

ಪುಷ್ಪದಂತಯ್ಯ


ಅರಸೀಕೆರೆ
11-2-1979, ಭಾನುವಾರ

ಸೌ॥ ಸುವರ್ಣಮ್ಮನವರಿಗೆ,

ನಿನ್ನೆ ಹಾಸನಕ್ಕೆ ಹೋಗಿ ಬಂದೆವು. ಪ್ರೋಗ್ರಾಂ ಚೆನ್ನಾಗಿತ್ತು. ಮಧ್ಯಾಹ್ನ ಪಲಾವು ಹಾಕಿದ್ದರು. ಮಕ್ಕಳಿಗೆ ಬಸ್ಸಿನಲ್ಲಿ ವಾಂತಿ ಆಗಲಿಲ್ಲ.

ಇನ್ನೇನೂ ವಿಶೇಷವಿಲ್ಲ.

ಪುಷ್ಪದಂತಯ್ಯ


ಚಾಮರಾಜನಗರ
20-2-1979

ಪುಷ್ಪದಂತಯ್ಯನವರೇ,

ನಾಲ್ಕು ಸಾಲು ಬರೆಯುವವರಲ್ಲ ನೀವು. ಏನೋ ಆಗಿದೆ ಎಂದು ಅವತ್ತೇ ತಿಳಿಯಿತು. ಅಯ್ಯನವರ ಪತ್ರ ನಿನ್ನೆ ಬಂತು. ಎಸ್ತರ್ ಕೊನೆಯವರೆಗೂ ಬಂದಳಂತೆ. ಬೇಲೂರಿನ ಹುಡುಗ ಒಬ್ಬ, ಇವಳೊಬ್ಬಳು, ಅಷ್ಟೇ ಉಳಿದದ್ದಂತೆ. ಕೊನೆಯ ಪ್ರಶ್ನೆ ಬುತ್ತಿಯದೇ ಬಂತಂತೆ. ಅವಳು ಒಮ್ಮೆ ಮುಂದಿನ ಸಾಲಿನ ಕಡೆ ನೋಡಿ “ಐದು ರೊಟ್ಟಿ, ಎರಡು ತೆಂಗಿನಕಾಯಿ” ಎಂದಳಂತೆ. ಎಲ್ಲರೂ ನಕ್ಕರಂತೆ. ಕಮಿಟಿಯವರು ನಗಲಿಲ್ಲವಂತೆ. ಮಾರ್ಚಿನ ಎರಡನೇ ಶನಿವಾರ ಬಂದು ಬೀಗದ ಕೈ ತೆಗೆದುಕೊಳ್ಳುತ್ತೇನೆ ಎಂದು ಅಯ್ಯನವರು ಬರೆದಿದ್ದಾರೆ.

ನಿಮ್ಮಿಂದ ಆಯಿತು ಎಂದುಕೊಂಡು ಮನೆಯೊಳಗೆ ಕೂತಿರುತ್ತೀರಿ. ಅದಕ್ಕೇ ಬೇಗ ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ನೀವು ಕೇಳಿದಾಗ ನಾನೇ ಒಂದು ಮಾತು ಬರೆಯಬಹುದಿತ್ತು. ಬರೆಯಲಿಲ್ಲ, ಏಕೆಂದರೆ ಆ ಕತೆ ಆ ಮಕ್ಕಳಿಗೆ ಹೊಸದಲ್ಲ. ನೀವು ಕಟ್ಟೆಗೆ ಬಂದು ಕೂರುವುದಕ್ಕೆ ಮುಂಚೆ ನಾನೇ ಹೇಳಿದ್ದೆ. ಕಾಗದದಲ್ಲಿ ಮೀನು ಕತ್ತರಿಸಿ ಬಣ್ಣ ಹಚ್ಚಿಸಿದ್ದೆ. ಎಸ್ತರ್ ತನ್ನ ಮೀನನ್ನು ಮನೆಗೆ ಒಯ್ದು ಗೋಡೆಗೆ ಅಂಟಿಸಿಕೊಂಡಿದ್ದಳು. ಅವಳಿಗೆ ಗೊತ್ತಿರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ಹಾಗಾದರೆ ಏಕೆ ಹಾಗೆ ಹೇಳಿದಳು ಎಂದು ಅವಳನ್ನೇ ಕೇಳಿ.

ಇನ್ನೊಂದು. ಇಲ್ಲಿ ಕ್ಲಬ್ಬು ಇಲ್ಲ. ಯಾವತ್ತೂ ಇರಲಿಲ್ಲ. ಇಲ್ಲಿಯ ಕ್ವಾರ್ಟರ್ಸಿನಲ್ಲಿ ಕ್ರೈಸ್ತರ ಮನೆಯೆಂದರೆ ನಮ್ಮದೊಂದೇ. ಇವರು ಲೈನ್ ಡ್ಯೂಟಿಗೆ ಹೋದರೆ ಎರಡು ದಿನ ಬರುವುದಿಲ್ಲ. ನಿಜ ಬರೆದರೆ ನೀವು ಬೇಸರ ಮಾಡಿಕೊಂಡು ಬೀಗದ ಕೈ ವಾಪಸು ಮಾಡಿಬಿಡುತ್ತೀರೇನೋ ಎಂದು ಸುಳ್ಳು ಬರೆದೆ. ಬುಧವಾರ ಕೂತು ಪಾಠ ಬರೆಯುತ್ತೇನೆ. ಬರೆಯುವಾಗ ಸ್ಯಾಮುವೇಲ ಎಲ್ಲಿ ತಡೆಯುತ್ತಾನೆ, ನೀವು ಎಲ್ಲಿ ದಾರಿ ತಪ್ಪಿ ಕಣಕಟ್ಟೆಗೆ ಹೋಗುತ್ತೀರಿ ಎಂದು ಊಹಿಸಿ ಜಾಗ ಬಿಟ್ಟು ಬರೆಯುತ್ತೇನೆ. ನಿಮ್ಮ ಪತ್ರ ಬಂದ ದಿನ ಇವರಿಗೆ ಓದಿ ಹೇಳುತ್ತೇನೆ. ಈ ಎಂಟು ತಿಂಗಳು ನಾನು ಇಲ್ಲಿ ಇದ್ದದ್ದು ಹಾಗೆ. ಇದಕ್ಕೆ ನಾನು ಯಾವಾಗ ಥ್ಯಾಂಕ್ಸ್ ಹೇಳುವುದು?

ಸುವರ್ಣಮ್ಮ


ಅರಸೀಕೆರೆ, ಚರ್ಚಿನ ಹಾಲ್
10-3-1979, ಶನಿವಾರ ಸಂಜೆ

ತಂಗಿ ಸುವರ್ಣಮ್ಮನಿಗೆ,

ಸೌಭಾಗ್ಯವತಿ ಎಂದು ಬರೆಯಹೋಗಿ ಕೈ ಹೀಗೆ ಬರೆಯಿತು, ಇರಲಿ. ನಿಮ್ಮ ಮೇಜಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಅಯ್ಯನವರು ಈಗಷ್ಟೇ ಹಾಸನದ ಬಸ್ಸಿಗೆ ಹೋದರು. ಮಕ್ಕಳು ಚಾಪೆ ಸುತ್ತುತ್ತಿದ್ದಾರೆ, ಅಂದರೆ ಸುತ್ತಿದ ಚಾಪೆಯನ್ನು ಬಿಚ್ಚುತ್ತಿದ್ದಾರೆ.

ಎಸ್ತರಳನ್ನು ಕೇಳಿ ಎಂದಿದ್ದಿರಿ. ನಿಮ್ಮ ಪತ್ರ ಬಂದ ಮೇಲೆ ಎರಡು ಶನಿವಾರ ಬಂತು. ಕೇಳಲಿಲ್ಲ. ಅವಳು ವಚನ ಒಪ್ಪಿಸಿಕೊಳ್ಳುವಾಗ ಬಾಯಿಗೆ ಬಂದದ್ದನ್ನು ನುಂಗಿದೆ. ಧೈರ್ಯ ಇರಲಿಲ್ಲ. ಈವತ್ತು ಕೊನೆಯ ಶನಿವಾರ ಎಂದುಕೊಂಡು ಬೀಗದ ಕೈಯನ್ನು ಒರೆಸಿ, ಎಣ್ಣೆ ಹಚ್ಚಿ, ಜೇಬಿನಲ್ಲಿಟ್ಟುಕೊಂಡು ಬಂದೆ.

ಅಯ್ಯನವರು ಆಟ ಮುಗಿಯುವವರೆಗೂ ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಎದ್ದು ಬಂದರು. ನಾನು ಬೀಗದ ಕೈ ಚಾಚಿದೆ. ತೆಗೆದುಕೊಂಡರು. ಮಕ್ಕಳಿಗೆ ಆಗ ಗೊತ್ತಾಯಿತು. ಚಿಕ್ಕವರು ಎಸ್ತರಳ ಹಿಂದೆ ಸೇರಿಕೊಂಡರು. ಸ್ಯಾಮುವೇಲ ಮಾತ್ರ “ನೆವರ್‌ದಿಲೆಸ್ ಸಾರ್...” ಎಂದು ಶುರು ಮಾಡಿ, ಮುಂದೆ ಹೇಳಲು ಏನೂ ಸಿಗದೆ ನಿಲ್ಲಿಸಿದ.

ಅಯ್ಯನವರು ಬೀಗದ ಕೈಯನ್ನು ತಿರುಗಿಸಿ ನೋಡುತ್ತಾ, “ಎಸ್ತರ್, ಬಾಮ್ಮ ಇಲ್ಲಿ. ಆ ಹುಡುಗನ ಬುತ್ತೀಲಿ ಏನಿತ್ತು, ಇನ್ನೊಂದು ಸಲ ಹೇಳು” ಎಂದರು.

ಅವಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು. “ಯಾರಿಗೆ ಹೇಳ್ಬೇಕು ಸಾರ್? ನಿಮ್ಗಾ, ತಾತಂಗಾ?”

“ನನಗೆ ಹೇಳು.”

“ನಿಮ್ಗಾದ್ರೆ ಮೀನು.”

“ತಾತಂಗೆ?”

“ಕಾಯಿ.”

“ಹಾಸನದಲ್ಲಿ ಕೇಳಿದ್ದು ನಾನಲ್ವೇನಮ್ಮ?”

“ಕೇಳಿದ್ದು ನೀವೇಯ. ತಾತ ಮುಂದ್ಗಡೆ ಸಾಲಲ್ಲೇ ಕೂತಿದ್ರಲ್ಲ ಸಾರ್. ಅಷ್ಟು ಜನದ ಮುಂದೆ ಅವ್ರು ಹೇಳ್ಕೊಟ್ಟಿದ್ದು ತಪ್ಪು ಅಂತ ಹೆಂಗೆ ಹೇಳದು?”

“ಬಹುಮಾನ ಹೋಯ್ತಲ್ಲ?”

“ಹೋದ್ರೆ ಹೋಯ್ತು. ಅದೇನು, ಡಬ್ಬಿ ಪೆನ್ಸಿಲು ತಾನೆ.”

ಅಮ್ಮ, ನನಗೆ ಅರವತ್ತು ದಾಟಿದೆ. ಮಕ್ಕಳಿಗೆ ಕತೆ ಹೇಳುತ್ತಿದ್ದೇನೆ ಎಂದು ಇಷ್ಟು ದಿನ ನಾನು ತಿಳಿದಿದ್ದೆ. ಇಡೀ ಹಾಲ್‌ಗೆ ಮೀನು ಗೊತ್ತಿತ್ತು. ಆಗಸ್ಟಿನಿಂದ ಇವರೆಲ್ಲ ಸೇರಿ, ಎಲ್ಲರಿಗಿಂತ ಚಿಕ್ಕದೂ ಸೇರಿ, ಈ ಮುದುಕನಿಗೆ ನೋವಾಗದಿರಲಿ ಎಂದು ಕಾಯಿ ಕಾಯಿ ಎನ್ನುತ್ತಿದ್ದರು. ನಾನು ಹೋಗಿ ನಿಮ್ಮ ಕುರ್ಚಿಯಲ್ಲಿ ಕೂತೆ.

ಅಯ್ಯನವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. “ಕಮಿಟಿಯವರು ಕೇಳಿದರೆ ನಾನು ಇದನ್ನೇ ಹೇಳ್ತೀನಿ. ಈ ಮಕ್ಕಳು ಕಲಿತಿದ್ದಾರೆ ಯಜಮಾನರೇ, ಕ್ವಿಜ್‌ನಲ್ಲಿ ಕೇಳೋದಕ್ಕಿಂತ ಹೆಚ್ಚೇ ಕಲಿತಿದ್ದಾರೆ” ಎಂದು ಬೀಗದ ಕೈಯನ್ನು ನನ್ನ ಕೈಗೇ ಇಟ್ಟರು. “ಆದರೆ ಒಂದು ಉಪಕಾರ ಮಾಡಿ. ಮುಂದಿನ ವರ್ಷವೂ ಇವಳು ಹೀಗೇ ಸೋತರೆ ನನಗೆ ತಡೆಯೋಕಾಗಲ್ಲ. ನೀವೇ ಒಂದು ಸಲ ಸರಿಯಾಗಿ ಹೇಳಿಬಿಡಿ.”

ಎದ್ದು ನಿಂತೆ. ಮಕ್ಕಳೆಲ್ಲ ನನ್ನ ತುಟಿಯನ್ನೇ ನೋಡುತ್ತಿದ್ದರು. ಐದು ರೊಟ್ಟಿ ಎಂದೆ. ನಮ್ಮ ಕೆರೆ ಕಣ್ಣ ಮುಂದೆ ಬಂತು, ನಮ್ಮ ತಾಯಿ ಬಂದಳು. ಅವಳ ಹತ್ತಿರ ಮನಸ್ಸಿನಲ್ಲೇ ಅಪ್ಪಣೆ ಕೇಳಿ, “ಎರಡು ಸಣ್ಣ ಮೀನು” ಎಂದೆ. ಬಾಯಿಗೆ ಏನೂ ಆಗಲಿಲ್ಲ. ಎಸ್ತರ್ ಹತ್ತಿರ ಬಂದು ಪಂಚೆಯ ಚುಂಗು ಹಿಡಿದು, “ಪರ್ವಾಗಿಲ್ಲ ತಾತ, ನೀವು ಹೇಳುವಾಗ ನಾವು ಕಾಯಿ ಅಂತ್ಲೇ ಅಂದ್ಕತೀವಿ” ಎಂದಳು.

ಬೇಸಿಗೆ ರಜೆಯಲ್ಲಿ ಹತ್ತು ದಿನ ಮಕ್ಕಳಿಗೆ ದಿನವೂ ಕ್ಲಾಸು ನಡೆಸಬೇಕಂತೆ. ಅದನ್ನು ನಡೆಸಲು ಚಾಮರಾಜನಗರದಿಂದ ಒಬ್ಬರನ್ನು ಕರೆಸಿ ಎಂದು ಅಯ್ಯನವರು ಅಪ್ಪಣೆ ಕೊಡಿಸಿದ್ದಾರೆ. ಯಾರನ್ನು ಎಂದು ಬೇರೆ ಬರೆಯಬೇಕೇ? ನಿಮ್ಮನ್ನು ತಮ್ಮ ಮನೆಯಲ್ಲೇ ಇಳಿಸಿಕೊಳ್ಳುವುದಾಗಿ ಎಸ್ತರ್ ಆಗಲೇ ಜಗಳವಾಡುತ್ತಿದ್ದಾಳೆ. ಗಾರ್ಡ್ ಸಾಹೇಬರಿಗೆ ಲೈನ್ ಡ್ಯೂಟಿ ಇದ್ದರೆ ಇರಲಿ, ನೀವು ರೈಲ್ವೆ ಪಾಸು ಬರೆಸಿಕೊಂಡು ಹೊರಡಿ. ಅಲ್ಲಿ ಒಬ್ಬರೇ ಕೂತು ನಮಗಾಗಿ ಬರೆಯುತ್ತಿದ್ದಿರಿ ಎಂಬುದನ್ನು ಓದಿ ಎರಡು ದಿನ ನನಗೆ ನಿದ್ದೆ ಬರಲಿಲ್ಲ. ನಿಮ್ಮನ್ನು ದೊಡ್ಡ ಹಾಲ್‌ನಲ್ಲಿ ನೂರು ಮಕ್ಕಳ ನಡುವೆ ಕಲ್ಪಿಸಿಕೊಂಡು ನಾನು ಪತ್ರ ಬರೆಯುತ್ತಿದ್ದೆ. ಥ್ಯಾಂಕ್ಸ್ ಯಾವಾಗ ಹೇಳುವುದು ಎಂದು ಕೇಳಿದಿರಲ್ಲ, ನನಗೂ ಅದೇ ಪ್ರಶ್ನೆ. ಇಬ್ಬರೂ ಎದುರಿಗೆ ಕೂತು ತೀರ್ಮಾನ ಮಾಡೋಣ. ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿತ್ತು, ಕಾಲೇಜಿನಲ್ಲಿ ಬರೆದುಕೊಂಡಿದ್ದೆ, ನೆನಪಿಗೆ...

ಇಲ್ಲ, ಸಾಲು ಒಂದರ ಮೇಲೊಂದು ಹತ್ತುತ್ತಿದೆ. ಶಾಯಿ ತೆಳುವಾಯಿತೇನೋ ಎಂದುಕೊಂಡೆ, ಅಲ್ಲ, ಬೆಳಕೇ ಹೋಗುತ್ತಿದೆ. ಕತ್ತಲಾದ ಮೇಲೆ ನಮ್ಮ ಜೈನರಲ್ಲಿ ಉಣ್ಣುವುದಿಲ್ಲ. ಕಾಂಚನಮಾಲಾ ಇದ್ದಾಗ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದಳು. ಅವಳು ಹೋದ ಮೇಲೆ ಎಷ್ಟೋ ಸಂಜೆ ಮರೆತು ಹಾಗೇ ಮಲಗಿದ್ದೇನೆ.

ಎಸ್ತರ್ ಬಾಗಿಲಲ್ಲಿ ನಿಂತು ಪಶ್ಚಿಮದ ಕಡೆ ಕೈ ತೋರಿಸುತ್ತಿದ್ದಾಳೆ. “ತಾತ, ಹೊತ್ತು ಮುಳುಗ್ತಾ ಐತೆ. ಬರ್ದಿದ್ದು ಸಾಕು, ಹೋಗಿ ಉಣ್ಣಿ.”

ಬಂದೆ ಕಣವ್ವ ಎಂದೆ.